ಹೆದರಿದ ನಾಯಿಯನ್ನು ಮುದ್ದಿಸಬಾರದೇ?

ದೀಪಾವಳಿ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ನಾಯಿಗಳದ್ದೇ ಕಾರುಬಾರು. ಈ ಸಲ ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: 'ನಮ್ಮ ರಾಣಿಗೆ ಒಂಬತ್ತು ವರ್ಷ. ಮೊದಲೆಲ್ಲ ಪಟಾಕಿಗೆ ಕಿವಿ ನಿಮಿರಿಸಿ ಸುಮ್ಮನಾಗುತ್ತಿದ್ದಳು. ಈಗೀಗ ಒಂದು ಸದ್ದಾದರೆ ಸಾಕು, ಬಚ್ಚಲುಮನೆಯ ಹಂಡೆಯ ಸಂದಿಗೆ ನುಗ್ಗಿ ನಡುಗುತ್ತಾಳೆ. ಹತ್ತಿರ ಕೂತು ಸವರಿದರೆ ನಮ್ಮ ಮನೆಯವರು ಬೈಯುತ್ತಾರೆ, ಮುದ್ದು ಮಾಡಿದಷ್ಟೂ ಹೆದರಿಕೆ ಬಲಿಯುತ್ತದಂತೆ. ಪಕ್ಕದ ಮನೆಯ ಅಜ್ಜಿ ತಾಯತ ಕಟ್ಟಿಸಿ ಅನ್ನುತ್ತಾರೆ. ಏನು ಮಾಡಲಿ?'

ತಾಯತದ ಮಾತು ಮೊದಲು ಮುಗಿಸಿಬಿಡೋಣ. ಅಮಾವಾಸ್ಯೆಯ ರಾತ್ರಿ ನಾಯಿ ನಡುಗಿದರೆ ಗಾಳಿ ಸೋಕಿದೆ ಎನ್ನುವವರಿಗೆ, ಅದೇ ಹೊತ್ತಿಗೆ ಬೀದಿಯಲ್ಲಿ ಆಟಂಬಾಂಬ್ ಸಿಡಿಯುತ್ತಿರುವುದು ಮಾತ್ರ ಹೇಗೆ ಕೇಳಿಸುವುದಿಲ್ಲವೋ! ಕೊರಳಿಗೆ ಕಟ್ಟಿದ ದಾರ ಕಿವಿಯನ್ನು ಮುಚ್ಚುವುದಿಲ್ಲ.

ಆ ಕಿವಿಯಾದರೂ ಎಂಥದ್ದು? ನಮಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ. ನಾಯಿಗೆ ಸುಮಾರು 45,000 ಹರ್ಟ್ಸ್‌ವರೆಗೂ ಕೇಳುತ್ತದೆ. ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಸದ್ದು ಯಾವ ಕಡೆಯಿಂದ ಬಂತೆಂದು ಕರಾರುವಾಕ್ಕಾಗಿ ಗುರುತಿಸುವುದರಲ್ಲಿ ನಾಯಿ ನಮಗಿಂತ ಹಿಂದೆ. ಸದ್ದಿನ ಮೂಲ ಒಂದು ಡಿಗ್ರಿಯಷ್ಟು ಸರಿದರೂ ನಮಗೆ ತಿಳಿಯುತ್ತದೆ. ನಾಯಿಗೆ ತಿಳಿಯಲು ಎಂಟು ಡಿಗ್ರಿಯಷ್ಟು ಸರಿಯಬೇಕು. ನಮಗೋ ಬತ್ತಿ ಹಚ್ಚಿ ಓಡಿಬರುವ ಹುಡುಗ ಕಾಣುತ್ತಾನೆ, ಕಿವಿಗೆ ಕೈ ಹಿಡಿದು ಕಾಯುತ್ತೇವೆ. ಮನೆಯೊಳಗಿರುವ ನಾಯಿಗೆ ಯಾವ ಮುನ್ಸೂಚನೆಯೂ ಇಲ್ಲ. ಗೋಡೆಯಿಂದ ಗೋಡೆಗೆ ಬಡಿದು ಎಲ್ಲ ಕಡೆಯಿಂದಲೂ ಬರುವ ಸದ್ದಿನಿಂದ ತಪ್ಪಿಸಿಕೊಂಡು ಅದು ಎಲ್ಲಿಗೆ ಓಡಬೇಕು? ಹಂಡೆಯ ಸಂದಿಯೇ ಗತಿ. ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಫಿನ್ಲೆಂಡಿನ 13,700 ನಾಯಿಗಳ ಮಾಹಿತಿ ಕಲೆಹಾಕಿ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ ಪಟಾಕಿಗೆ ಹೆದರುವ ನಾಯಿಗಳು ಶೇ. 26. ರಾಣಿ ಒಂಟಿಯಲ್ಲ.

ಒಮ್ಮೆ ಹೊಕ್ಕ ಭಯ ಎಷ್ಟು ಆಳಕ್ಕಿಳಿಯುತ್ತದೆ ಎಂಬುದಕ್ಕೆ ಪಾವ್ಲೊವ್‌ನ ನಾಯಿಗಳ ಕಥೆ ಕೇಳಬೇಕು. ಗಂಟೆಯ ಸದ್ದಿಗೆ ಜೊಲ್ಲು ಸುರಿಸಿದ ನಾಯಿಗಳನ್ನು ಎಲ್ಲರೂ ಶಾಲೆಯಲ್ಲೇ ಓದಿದ್ದೇವೆ. ಅವೇ ನಾಯಿಗಳು ಮುಳುಗಿ ಸಾಯುವುದರಲ್ಲಿದ್ದವು ಎಂಬುದು ಪಠ್ಯಕ್ಕೆ ಬರಲಿಲ್ಲ. 1924ರ ಸೆಪ್ಟೆಂಬರಿನಲ್ಲಿ ನೇವಾ ನದಿ ಉಕ್ಕಿ ಲೆನಿನ್‌ಗ್ರಾಡಿಗೆ ನುಗ್ಗಿತು. ಪ್ರಯೋಗಾಲಯದ ನಾಯಿಗಳು ಗೂಡುಗಳೊಳಗೇ ಈಜುತ್ತ, ಮೂಗನ್ನಷ್ಟೇ ಮೇಲಿಟ್ಟುಕೊಂಡು ಉಸಿರಾಡುತ್ತಿದ್ದವು. ಗೂಡಿನ ಬಾಗಿಲು ಕೆಳಗಿತ್ತು. ಹೊರತೆಗೆಯಬೇಕಾದರೆ ಒಂದೊಂದರ ತಲೆಯನ್ನೂ ನೀರಿನೊಳಕ್ಕೆ ಅದುಮಿ ಎಳೆಯಬೇಕಾಯಿತು. ಬದುಕಿ ಬಂದ ಕೆಲವು ನಾಯಿಗಳು ಅಷ್ಟು ದಿನ ಕಲಿತದ್ದನ್ನೆಲ್ಲ ಮರೆತಂತಿದ್ದವು. ಒಂದು ನಾಯಿ ದಿನಗಳೆದಂತೆ ಸುಧಾರಿಸಿತು, ಹಳೆಯ ಪಾಠಗಳೂ ಮರಳಿದವು. ಆಗ ಬಾಗಿಲ ಕೆಳಗಿನಿಂದ ಕೋಣೆಯೊಳಕ್ಕೆ ತೆಳ್ಳಗೆ ನೀರು ಹರಿಸಿ ನೋಡಿದರು. ಅಷ್ಟಕ್ಕೇ ಆ ನಾಯಿ ಮತ್ತೆ ಕಂಗೆಟ್ಟಿತು.

ಪಟಾಕಿಯಲ್ಲೂ ಆಗುವುದು ಇದೇ. ಮೊದಲು ಸದ್ದಿನ ಭಯ, ಆಮೇಲೆ ಮದ್ದಿನ ವಾಸನೆಯ ಭಯ, ಕೊನೆಗೆ ಸಂಜೆಗತ್ತಲಿನದ್ದೇ ಭಯ. ನಮ್ಮ ಮನೆಯ ಕರಿಯ ಹೆದರಿದ್ದಾನೆಂದು ನನಗೆ ತಿಳಿಯುವುದು ಅವನು ನಡುಗುವುದಕ್ಕೂ ಮೊದಲೇ. ಕೆಂಪು ಗಾರೆಯ ನೆಲದ ಮೇಲೆ ಸಾಲಾಗಿ ಒದ್ದೆ ಹೆಜ್ಜೆ ಮೂಡುತ್ತದೆ. ನಾಯಿ ಬೆವರುವುದು ಅಂಗಾಲಿನಲ್ಲಿ. ಗಾಬರಿಯಾದಾಗ ಅಲ್ಲಿ ಬೆವರು ಒಡೆಯುತ್ತದೆ.

ಈಗ ಮುದ್ದಿನ ಪ್ರಶ್ನೆ. ಕೂರು ಅಂದಾಗ ಕೂತ ನಾಯಿಗೆ ಬಿಸ್ಕತ್ತು ಕೊಟ್ಟರೆ ಅದು ಇನ್ನಷ್ಟು ಸಲ ಕೂರುತ್ತದೆ, ನಿಜ. ಹಾಗೆಯೇ ನಡುಗುವಾಗ ಸವರಿದರೆ ಇನ್ನಷ್ಟು ನಡುಗುತ್ತದೆ ಎಂಬ ತರ್ಕ ಹುಟ್ಟಿದ್ದು ಇಲ್ಲಿಂದಲೇ. ಆದರೆ ಕೂರುವುದು ನಾಯಿ ಬೇಕೆಂದು ಮಾಡುವ ಕೆಲಸ. ಭಯ ಹಾಗಲ್ಲ, ಅದು ತಾನಾಗಿ ಆಗುವಂಥದ್ದು. ಗುಡುಗಿಗೆ ಬೆಚ್ಚಿಬಂದ ಮಗುವನ್ನು ತಬ್ಬಿಕೊಂಡರೆ ಮುಂದಿನ ಸಲ ಅದು ತಬ್ಬಿಕೊಳ್ಳಲಿ ಎಂದೇ ಬೆಚ್ಚುತ್ತದೆಯೇ? ನಾಯಿ ತಾನಾಗಿ ಬಳಿಗೆ ಬಂದರೆ ಧಾರಾಳವಾಗಿ ಸವರಿ. ಸಂದಿಯಿಂದ ಎಳೆದು ತಂದು ಅಪ್ಪಿಕೊಳ್ಳುವುದು ಬೇಡ, ಅಷ್ಟೆ. ಧೈರ್ಯ ಬರಲೆಂದು ಸರಪಟಾಕಿಯ ಪಕ್ಕ ಕಟ್ಟಿಹಾಕುವವರಿಗೆ ಏನು ಹೇಳುವುದೋ ತಿಳಿಯದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ ಸಾವಿರಕ್ಕೂ ಹೆಚ್ಚು ನಾಯಿ ಸಾಕಿದವರನ್ನು ಕೇಳಿ, ಯಾವ ಉಪಾಯದಿಂದ ಗುಣ ಕಂಡಿತೆಂದು 2020ರಲ್ಲಿ ಲೆಕ್ಕ ಕೊಟ್ಟರು. ಪಟಾಕಿ ಸಿಡಿದೊಡನೆ ತಿಂಡಿಯನ್ನೋ ಆಟವನ್ನೋ ಕೊಟ್ಟವರಲ್ಲಿ ಶೇ. 70ಕ್ಕೂ ಹೆಚ್ಚು ಮಂದಿ ಗುಣ ಕಂಡಿತೆಂದರು. ಹೋಮಿಯೋಪಥಿ, ಗಿಡಮೂಲಿಕೆ, ಫೆರೊಮೋನ್ ಇವೆಲ್ಲ ಶೇ. 27ರಿಂದ 35ರಲ್ಲೇ ನಿಂತವು. ಬರೀ ನಂಬಿಕೆಯಿಂದಲೂ ಅಷ್ಟು ಗುಣ ಕಂಡೀತು. ಹೆದರಿಸಿದ ಪಾವ್ಲೊವ್ ಪಾಠವೇ ಇಲ್ಲಿ ಧೈರ್ಯವನ್ನೂ ಕಲಿಸುತ್ತದೆ: ಢಂ ಅಂದರೆ ಬೇಯಿಸಿದ ಕೋಳಿಯ ಚೂರು, ಸಸ್ಯಾಹಾರಿಗಳ ಮನೆಯಲ್ಲಾದರೆ ಪನೀರ್. ಸದ್ದು ಮೊದಲು, ತಿಂಡಿ ಆಮೇಲೆ. ಈ ಕ್ರಮ ತಿರುಗಿಸಿದಿರೋ, ಪನೀರ್ ಕಂಡರೇ ನಾಯಿ ಓಡೀತು.

ತಿನ್ನಲೂ ಆಗದಷ್ಟು ಹೆದರಿದ್ದರೆ ಹಬ್ಬಕ್ಕೆ ಎರಡು ವಾರ ಮುಂಚೆಯೇ ಪಶುವೈದ್ಯರನ್ನು ಕಾಣಿ. ಭಯವನ್ನೇ ತಗ್ಗಿಸುವ ಮಾತ್ರೆ ಕೇಳಿ. ಮಂಪರು ತರುವ ಎಸಿಪ್ರೊಮಜಿನ್ ಮಾತ್ರೆ ಒಂದನ್ನೇ ಕೊಟ್ಟರೆ ಮೈ ಸೋಲುತ್ತದೆ, ಒಳಗಿನ ದಿಗಿಲು ಹಾಗೇ ಉಳಿಯುತ್ತದೆ. ಒಂದು ಚಮಚ ಬ್ರಾಂದಿ ಕುಡಿಸುವ ಬುದ್ಧಿವಂತರೂ ಇದ್ದಾರೆ. ಆಲ್ಕೋಹಾಲ್ ನಾಯಿಗೆ ವಿಷ. ರಾಣಿಯ ಸೊಂಟ, ಮಂಡಿಗಳನ್ನೂ ವೈದ್ಯರಿಗೆ ತೋರಿಸಿ. ಮೈಕೈ ನೋವಿರುವ ನಾಯಿಗಳಲ್ಲಿ ಸದ್ದಿನ ಭಯ ತಡವಾಗಿ, ನಡುವಯಸ್ಸಿನಲ್ಲಿ ಶುರುವಾಗುವುದನ್ನು 2018ರಲ್ಲಿ ಬ್ರಿಟನ್ ಮತ್ತು ಬ್ರೆಜಿಲ್ ಸಂಶೋಧಕರು ಗುರುತಿಸಿದರು. ಬೆಚ್ಚಿದಾಗ ಸ್ನಾಯು ಸೆಟೆದು ನೋವಾಗುತ್ತದೆ, ನೋವಿನ ಹೊಣೆ ಸದ್ದಿನ ತಲೆಗೆ ಬರುತ್ತದೆ ಎಂಬುದು ಅವರ ಊಹೆ.

ಇನ್ನು ಪಟಾಕಿ ಹೊಡೆಯುವವರಿಗೆ ಒಂದು ಮಾತು. ಹಸಿರು ಪಟಾಕಿ ತಂದಿದ್ದೇವೆಂದು ಬೀಗಬೇಡಿ. ಆ ಹಸಿರು ಮುಖ್ಯವಾಗಿ ಹೊಗೆಗೆ ಸಂಬಂಧಿಸಿದ್ದು. ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರಬಾರದೆಂಬ ನಿಯಮ ಇದೆ, ರಾತ್ರಿ 8ರಿಂದ 10ರವರೆಗೆ ಮಾತ್ರ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೆ. ನಮ್ಮ ನರಕ ಚತುರ್ದಶಿಯಂದೇ ನೇಪಾಳದಲ್ಲಿ ಕುಕುರ್ ತಿಹಾರ್: ಬೀದಿನಾಯಿಯನ್ನೂ ಬಿಡದೆ ಹಣೆಗೆ ತಿಲಕವಿಟ್ಟು, ಹಾರ ಹಾಕಿ, ಹೊಟ್ಟೆ ತುಂಬ ತಿನ್ನಿಸುತ್ತಾರೆ. ನಮ್ಮ ಬೀದಿನಾಯಿಗಳು ಹಾರವನ್ನೇನೂ ಕೇಳುತ್ತಿಲ್ಲ. ಹತ್ತು ಗಂಟೆಗೆ ಬೆಂಕಿಪೊಟ್ಟಣ ಒಳಗಿಡಿ, ಮರುದಿನ ಕಾರು ಹೊರಡಿಸುವ ಮುನ್ನ ಅಡಿಗೆ ಒಮ್ಮೆ ಬಗ್ಗಿ ನೋಡಿ.