ಗೊಬ್ಬರದ ಉಪ್ಪು, ಮುನ್ನೂರು ಕಿಲೋ ಹರಳು

ವಿಜಯಪುರ, ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ 0:52:34 ಎಂದರೆ ಬಿಡಿಸಿ ಹೇಳಬೇಕಿಲ್ಲ. ಸಾರಜನಕ ಸೊನ್ನೆ, ರಂಜಕ 52, ಪೊಟ್ಯಾಷ್ 34. ನೀರಿನಲ್ಲಿ ಪೂರ್ತಿ ಕರಗುವ ಈ ಬಿಳಿ ಪುಡಿಯನ್ನು ಡ್ರಿಪ್‌ಗೆ ಬಿಡುತ್ತಾರೆ, ಎಲೆಗೂ ಸಿಂಪಡಿಸುತ್ತಾರೆ. ಇದರ ರಾಸಾಯನಿಕ ಹೆಸರು ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್, ಚಿಕ್ಕದಾಗಿ ಕೆಡಿಪಿ. ಇದೇ ಉಪ್ಪನ್ನು ಇನ್ನಷ್ಟು ಶುದ್ಧಗೊಳಿಸಿ, ಮುನ್ನೂರು ಕಿಲೋ ಮೀರಿದ ಒಂದೇ ಹರಳಾಗಿ ಬೆಳೆಸಿದ ಊರು ಕ್ಯಾಲಿಫೋರ್ನಿಯಾದ ಲಿವರ್‌ಮೋರ್. ಸ್ಯಾನ್ ಫ್ರಾನ್ಸಿಸ್ಕೊದಿಂದ ಪೂರ್ವಕ್ಕೆ ಸುಮಾರು 70 ಕಿ.ಮೀ. ದೂರದ ಆ ಕಣಿವೆಯೂ ದ್ರಾಕ್ಷಿಯದ್ದೇ. 1883ರಲ್ಲಿ ಶುರುವಾದ ವೈನ್ ತಯಾರಿಕಾ ಸಂಸ್ಥೆಗಳು ಇಂದಿಗೂ ಅಲ್ಲಿವೆ.

ಊರಿನ ಅಂಚಿನಲ್ಲಿ, ಎರಡನೇ ಮಹಾಯುದ್ಧ ಕಾಲದ ನೌಕಾಪಡೆಯ ವಿಮಾನ ನೆಲೆಯಿದ್ದ ಜಾಗದಲ್ಲಿ, 1952ರಲ್ಲಿ ಒಂದು ಪ್ರಯೋಗಾಲಯ ಎದ್ದಿತು. ಅದನ್ನು ಕಟ್ಟಿದ್ದು ಅಣ್ವಸ್ತ್ರಗಳ ವಿನ್ಯಾಸಕ್ಕೆ. ಇದನ್ನು ಮರೆಮಾಚಿ ಲಿವರ್‌ಮೋರ್ ಕಥೆ ಹೇಳಲಾಗದು. ಅಲ್ಲಿನ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 2022ರ ಡಿಸೆಂಬರ್ 5ರಂದು ಲೇಸರ್ ಸುರಿದ 2.05 ಮೆಗಾಜೌಲ್ ಶಕ್ತಿಗೆ ಪ್ರತಿಯಾಗಿ ನ್ಯೂಕ್ಲಿಯರ್ ಸಮ್ಮಿಲನದಿಂದ 3.15 ಮೆಗಾಜೌಲ್ ಹೊರಬಂತು. ಲೇಸರ್ ಉರಿಸಲು ಗ್ರಿಡ್‌ನಿಂದ ಎಳೆದ ವಿದ್ಯುತ್ತು ಸುಮಾರು 300 ಮೆಗಾಜೌಲ್ ಎನ್ನುವುದನ್ನೂ ಜೊತೆಗೇ ಹೇಳಬೇಕು. ಆ ವಾರದ ಸುದ್ದಿಯಲ್ಲೆಲ್ಲ ಭೌತವಿಜ್ಞಾನದ್ದೇ ಮಾತು. ನನಗೆ ಮಾತ್ರ ಆ ಬೆಳಕು ಹಾದುಬಂದ ಹರಳುಗಳ ಕಥೆ ಹೇಳಲೇಬೇಕೆನಿಸುತ್ತದೆ. ಕೆಮಿಕಲ್ ಎಂಜಿನಿಯರಿಂಗ್ ಎಂಬ ವಿದ್ಯೆಯ ಹೂರಣ ಅಲ್ಲಿದೆ.

1977ರಲ್ಲಿ ಲಿವರ್‌ಮೋರಿನವರು 20 ಕಿರಣಗಳ ದೊಡ್ಡ ಲೇಸರ್ ಕಟ್ಟಿ ಅದಕ್ಕೆ ‘ಶಿವ’ ಎಂದು ಹೆಸರಿಟ್ಟರು. ಹಲವು ತೋಳುಗಳ ನಮ್ಮ ಶಿವನೇ. ಆದರೆ ಅದರ ಅವಕೆಂಪು ಬೆಳಕು ಎಣಿಸಿದಂತೆ ಕೆಲಸ ಮಾಡಲಿಲ್ಲ. ಸಮ್ಮಿಲನದ ಇಂಧನವನ್ನು ಹಿಂಡಲೆಂದು ಗುರಿಗೆ ತಾಗಿಸಿದ ಬೆಳಕು ಅತಿವೇಗದ ಎಲೆಕ್ಟ್ರಾನ್‌ಗಳನ್ನು ಎಬ್ಬಿಸಿತು. ಅವು ಇಂಧನವನ್ನು ಹೊತ್ತಿಗೆ ಮುಂಚೆಯೇ ಕಾಯಿಸಿದವು. ಕಾದು ಉಬ್ಬಿದ್ದನ್ನು ಹಿಂಡುವುದು ಕಷ್ಟ. ತರಂಗದೂರ ಕಡಿಮೆಯಾದರೆ ಈ ಕಾಟ ತಗ್ಗುತ್ತದೆ. ಹಾಗಾಗಿ 1984ರ ‘ನೋವಾ’ ಲೇಸರ್‌ನಲ್ಲಿ ಅವಕೆಂಪು ಬೆಳಕನ್ನು ಕೆಡಿಪಿ ಹರಳುಗಳ ಮೂಲಕ ಹಾಯಿಸಿ ಅತಿನೇರಳೆಗೆ ತಿರುಗಿಸಿದರು. ಕೆಡಿಪಿಯ ಗುಣವೇ ಅದು: 1,053 ನ್ಯಾನೋಮೀಟರ್ ಬೆಳಕು ಒಂದು ಹರಳಿನಲ್ಲಿ ಹಸಿರಾಗಿ, ಮುಂದಿನದರಲ್ಲಿ 351 ನ್ಯಾನೋಮೀಟರ್‌ಗೆ ಇಳಿಯುತ್ತದೆ.

ಅದರ ಮುಂದಿನ ಯಂತ್ರವಾದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಗೆ 192 ಕಿರಣಗಳು. ಒಂದೊಂದಕ್ಕೂ ಸುಮಾರು 40 ಸೆಂ.ಮೀ. ಅಗಲದ, ಒಂದು ಸೆಂ.ಮೀ. ಆಸುಪಾಸು ದಪ್ಪದ ಹರಳಿನ ಫಲಕಗಳು ಬೇಕು. ಒಟ್ಟು ಆರುನೂರರ ಹತ್ತಿರ. ಹಳೆಯ ಪದ್ಧತಿಯಲ್ಲಿ ಹರಳು ದಿನಕ್ಕೆ ಒಂದು ಮಿಲಿಮೀಟರ್ ಬೆಳೆದರೆ ಹೆಚ್ಚು. ಬೇಕಾದ ಗಾತ್ರಕ್ಕೆ ಬರಲು ವರ್ಷವೆರಡು ವರ್ಷ. ನಡುವೆ ಏನಾದರೂ ಎಡವಟ್ಟಾದರೆ ಮೊದಲಿನಿಂದ ಶುರು.

ದಾರಿ ತೋರಿದ ವಿದ್ಯೆ ಬಂದದ್ದು ಮಾಸ್ಕೋ ವಿಶ್ವವಿದ್ಯಾಲಯದಿಂದ. ಅಲ್ಲಿ ಹರಳುಗಳನ್ನು ವೇಗವಾಗಿ ಬೆಳೆಸುವುದರಲ್ಲಿ ಪಳಗಿದ್ದ ನಟಾಲಿಯಾ ಜೈತ್ಸೆವಾ ತೊಂಬತ್ತರ ದಶಕದಲ್ಲಿ ಲಿವರ್‌ಮೋರ್ ಸೇರಿದರು. ಅವರ ತಂಡ ಮಾಡಿದ್ದನ್ನು ಹತ್ತಿರದಿಂದ ನೋಡೋಣ. ದೊಡ್ಡ ಗಾಜಿನ ತೊಟ್ಟಿಯ ತುಂಬ ಬಿಸಿ ಕೆಡಿಪಿ ದ್ರಾವಣ. ಮೊದಲು ಅದನ್ನು ಅತಿಸೂಕ್ಷ್ಮ ಫಿಲ್ಟರ್‌ಗಳಲ್ಲಿ ಸೋಸುತ್ತಾರೆ. ಆಮೇಲೆ ಕರಗಲು ಬೇಕಾದ್ದಕ್ಕಿಂತ ಹೆಚ್ಚೇ ಕಾಯಿಸುತ್ತಾರೆ, ಕಣ್ಣಿಗೆ ಕಾಣದ ಹರಳಿನ ಮೊಳಕೆ ಒಂದೂ ಉಳಿಯಬಾರದು. ತೊಟ್ಟಿಯ ಒಳಗಿನ ವೇದಿಕೆಯ ನಟ್ಟನಡುವೆ ಹೆಬ್ಬೆರಳ ಉಗುರಿನಷ್ಟು ಬೀಜದ ಹರಳು. ಇನ್ನು ನಿಧಾನವಾಗಿ ತಣಿಸಬೇಕು. ತಣಿದಂತೆಲ್ಲ ದ್ರಾವಣ ತಾನು ಹಿಡಿದಿಟ್ಟುಕೊಳ್ಳಬಲ್ಲದ್ದಕ್ಕಿಂತ ಹೆಚ್ಚು ಉಪ್ಪು ಹೊತ್ತು ಅತಿಪರ್ಯಾಪ್ತವಾಗುತ್ತದೆ. ಆ ಹೆಚ್ಚುವರಿಯೆಲ್ಲ ಬೀಜದ ಮೇಲೆಯೇ ಕೂರಬೇಕು. ವೇದಿಕೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತಿರುತ್ತದೆ. ಒಂದೇ ದಿಕ್ಕಿಗೆ ತಿರುಗಿದರೆ ಹರಳಿನ ಒಂದು ಮಗ್ಗುಲಿಗೆ ಹೊಸ ದ್ರಾವಣ ಸಿಕ್ಕಿ ಇನ್ನೊಂದು ಹಸಿಯುತ್ತದೆ, ಹಸಿದ ಮುಖದಲ್ಲಿ ದ್ರಾವಣದ ಹನಿಗಳು ಸೆರೆಯಾಗುತ್ತವೆ. ಕಬ್ಬಿಣ, ಅಲ್ಯೂಮಿನಿಯಂ, ಕ್ರೋಮಿಯಂ ಹತ್ತು ಲಕ್ಷದಲ್ಲಿ ಕೆಲವೇ ಪಾಲು ಇದ್ದರೂ ಹರಳಿನ ಪಕ್ಕದ ಮುಖಗಳು ಬೆಳೆಯದೆ ಮುಷ್ಕರ ಹೂಡುತ್ತವೆ. ತೊಟ್ಟಿಯ ತಳದಲ್ಲಿ ಬೇಡದ ಹರಳೊಂದು ಹುಟ್ಟಿತೋ, ಅದೂ ಬೆಳೆಯತೊಡಗಿ ವಾರಗಟ್ಟಲೆಯ ಶ್ರಮ ನೀರುಪಾಲು.

ಇಷ್ಟೆಲ್ಲ ಕಾಯ್ದರೆ ಹರಳು ದಿನಕ್ಕೆ ಹತ್ತು ಮಿಲಿಮೀಟರಿಗೂ ಮಿಕ್ಕಿ ಬೆಳೆಯುತ್ತದೆ. ಎರಡು ವರ್ಷದ ಕೆಲಸ ಎರಡು ತಿಂಗಳಿಗೆ ಇಳಿಯಿತು. ತೊಟ್ಟಿಯಿಂದ ತೆಗೆದ ಮೇಲೂ ಎಚ್ಚರ ಬೇಕು. ತಾಪ ತುಸು ಏರುಪೇರಾದರೂ ಬಿರುಕು. ನೀರು ತಾಗಿದರೆ ಕರಗುವ ವಸ್ತುವಾದ್ದರಿಂದ ಮಾಮೂಲಿ ಪಾಲಿಶ್ ನಡೆಯದು, ವಜ್ರದ ಮೊನೆಯಿಂದ ಹೆರೆದು ನಯಗೊಳಿಸುತ್ತಾರೆ.

ಈ ತಂಡದಲ್ಲಿದ್ದವರೆಲ್ಲ ಕೆಮಿಕಲ್ ಎಂಜಿನಿಯರ್‌ಗಳೇನಲ್ಲ, ಕೆಲಸ ಮಾತ್ರ ಅಪ್ಪಟ ಕೆಮಿಕಲ್ ಎಂಜಿನಿಯರಿಂಗ್. ಜಾರ್ಜ್ ಡೇವಿಸ್ 1887ರಲ್ಲಿ ಮ್ಯಾಂಚೆಸ್ಟರಿನಲ್ಲಿ ಉಪನ್ಯಾಸ ಕೊಟ್ಟಾಗ ಈ ವಿದ್ಯೆಗೆ ಒಂದು ಆಕಾರ ಬಂತು. ಸೋಪಾಗಲಿ ಸಕ್ಕರೆಯಾಗಲಿ, ಕಾರ್ಖಾನೆಯ ಕೆಲಸವನ್ನು ಸೋಸುವುದು, ಆವಿ ಮಾಡುವುದು, ಬಟ್ಟಿ ಇಳಿಸುವುದು, ಹರಳುಗಟ್ಟಿಸುವುದು ಎಂಬ ಕೆಲವೇ ಕ್ರಿಯೆಗಳಾಗಿ ಬಿಡಿಸಿ ಕಲಿಯಬಹುದು ಎಂಬ ಎಣಿಕೆ ಅದು. 1915ರಲ್ಲಿ ಆರ್ಥರ್ ಲಿಟಲ್ ಅವನ್ನು ಯೂನಿಟ್ ಆಪರೇಷನ್ಸ್ ಎಂದು ಕರೆದರು. ಸುರತ್ಕಲ್‌ನಿಂದ ತುಮಕೂರಿನವರೆಗೆ ನಮ್ಮ ಕೆಮಿಕಲ್ ವಿದ್ಯಾರ್ಥಿಗಳು ಇವತ್ತಿಗೂ ಓದುವುದು ಅದನ್ನೇ, ಬಹುಪಾಲು 1956ರಲ್ಲಿ ಮೊದಲು ಅಚ್ಚಾದ ಮ್ಯಾಕೇಬ್–ಸ್ಮಿತ್ ಪುಸ್ತಕದಿಂದ. ಹರಳು ಬೆಳೆಯುವ ವೇಗ ಅದರ ಗಾತ್ರವನ್ನು ಅವಲಂಬಿಸಿಲ್ಲ ಎಂಬ ನಿಯಮವನ್ನು 1929ರಲ್ಲಿ ಹೇಳಿದವರು ಅದೇ ಮ್ಯಾಕೇಬ್. ಮಾಸ್ ಬ್ಯಾಲೆನ್ಸ್ ಎಷ್ಟು ಬರೆದರೂ ಮುಗಿಯದೆ ಬೇಸರ ಬರುವುದು ನಿಜ. ಆದರೆ ಒಳಗೆ ಹೋದದ್ದು, ಹೊರಗೆ ಬಂದದ್ದು, ಉಳಿದದ್ದು ಈ ಮೂರರ ಲೆಕ್ಕ ತಪ್ಪಿದವರು ತೊಟ್ಟಿಯ ಮುಂದೆ ನಿಲ್ಲಲಾರರು.

1933ರಲ್ಲಿ ಹುಟ್ಟಿದ ಮಂಡ್ಯದ ಮೈಷುಗರ್‌ನಂಥ ಕಾರ್ಖಾನೆಯಲ್ಲಿ ಪ್ಯಾನ್ ನೋಡಿಕೊಳ್ಳುವವರಿಗೂ ಇದೇ ಚಿಂತೆ. ಪಾಕಕ್ಕೆ ಬೀಜದ ಸಕ್ಕರೆ ಬಿಟ್ಟು, ಹದ ಮೀರದಂತೆ ಕಾಯುತ್ತಾರೆ. ಅವರಿಗೆ ಬೇಕಾದದ್ದು ಸಮನಾದ ಕೋಟ್ಯಂತರ ಹರಳು, ಲಿವರ್‌ಮೋರಿನವರಿಗೆ ಒಂದೇ ಒಂದು. ಚಿಕ್ಕ ಬೀಕರಿನಲ್ಲಿ ಬಂದದ್ದು ದೊಡ್ಡ ತೊಟ್ಟಿಯಲ್ಲಿ ಹಾಗೇ ಬರುವುದಿಲ್ಲ. ಶಾಖ ಹರಿಯುವ ಬಗೆ, ದ್ರಾವಣ ಸುಳಿಯುವ ಬಗೆ ಎರಡೂ ಬದಲಾಗುತ್ತವೆ. ಆ ಅಂತರವನ್ನು ದಾಟಿಸುವುದಕ್ಕೇ ಈ ವೃತ್ತಿ ಇರುವುದು ಎಂದು ನಾನು ನಂಬಿದ್ದೇನೆ.

ಸಮ್ಮಿಲನದಿಂದ ವಿದ್ಯುತ್ತು ಬರಬೇಕಾದರೆ ಇಂಥ ಕೆಲಸ ಇನ್ನೂ ರಾಶಿ ಬಿದ್ದಿದೆ. ಇಂಧನದ ಅರ್ಧ ಪಾಲು ಟ್ರೀಷಿಯಂ, 12 ವರ್ಷಕ್ಕೆ ಅರ್ಧ ಕರಗಿಹೋಗುವ ಜಲಜನಕ. ನಿಸರ್ಗದಲ್ಲಿ ಅದು ಸಿಗುವುದು ಅತ್ಯಲ್ಪ. ಸ್ಥಾವರದ ಸುತ್ತ ಲೀಥಿಯಂ ಹೊದಿಕೆ ಹಾಕಿ, ಹೊಮ್ಮುವ ನ್ಯೂಟ್ರಾನ್‌ಗಳಿಂದಲೇ ಅದನ್ನು ಹುಟ್ಟಿಸಬೇಕು. ಬಿಸಿ ಲೀಥಿಯಂನಿಂದ ಬೇರ್ಪಡಿಸಬೇಕು. ಉಕ್ಕಿನ ಗೋಡೆಯಲ್ಲೂ ನುಸುಳಿಹೋಗುವ ಅದನ್ನು ಸೋರದಂತೆ ಹಿಡಿದು ಮತ್ತೆ ಇಂಧನವಾಗಿಸಬೇಕು.