ಕಾಲೇಜುಪ್ರವೇಶದಲ್ಲಿ ಸಮತೆಯೂ ಗಣಕವಿಧಾನವೂ

ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ಹಿಂದುಳಿದ ಪಂಗಡಗಳಿಗೆ ಸರ್ಕಾರಿ ಉದ್ಯೋಗದಲ್ಲಿಯೂ ವಿದ್ಯಾಭ್ಯಾಸದಲ್ಲಿಯೂ ವಿಶೇಷ ಸೌಕರ್ಯಗಳನ್ನು ಕಲ್ಪಿಸಬೇಕೆಂದು ಸೂಚಿಸಿತು. ಅಂದಿನ ಮುಖ್ಯ ಪ್ರಶ್ನೆ ‘ಯಾವ ಪಂಗಡಕ್ಕೆ ಎಷ್ಟು?’ ಎಂಬುದು. ‘ಯಾವ ಊರಿಗೆ ಎಷ್ಟು?’ ಎಂಬುದೂ ಅಷ್ಟೇ ವಿಚಾರಾರ್ಹವಾದುದು. ಅದಕ್ಕೆ ಉತ್ತರ ಹೇಳಬಲ್ಲ ವಿಧಾನವೊಂದು ಈಗ ಗಣಕಯಂತ್ರದ ನೆರವಿನಿಂದ ಬಳಕೆಯಲ್ಲಿದೆ.

ಮಂಡ್ಯ, ಮದ್ದೂರುಗಳು ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿವೆ. ಮಳವಳ್ಳಿಗೆ ಆ ಸೌಲಭ್ಯವಿಲ್ಲ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ಶಿವನಸಮುದ್ರವು ಈ ತಾಲ್ಲೂಕಿನದೇ. ಆದರೂ ಹಲಗೂರು, ಮುತ್ತತ್ತಿಗಳ ಕಡೆಯ ವಿದ್ಯಾರ್ಥಿಗೆ ಬಸ್ಸೇ ಗತಿ. ಆದಕಾರಣ ತಾಲ್ಲೂಕಿಗೆ ಎಷ್ಟು ಕಾಲೇಜುಗಳಿವೆಯೆಂದು ಎಣಿಸಿದಮಾತ್ರಕ್ಕೆ ಸಮತೆಯು ಸಿದ್ಧಿಸದು.

ವಿಧಾನದಲ್ಲಿ ಎರಡು ಹೆಜ್ಜೆಗಳು. ಮೊದಲು, ಪ್ರತಿಯೊಂದು ಕಾಲೇಜಿನ ಸ್ಥಾನಗಳನ್ನು, ನಿಯತಕಾಲದೊಳಗೆ ಅಲ್ಲಿಗೆ ತಲುಪಬಲ್ಲ ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸುವುದು. ಬಳಿಕ, ಪ್ರತಿಯೊಂದು ಊರಿಗೂ ಎಟುಕುವ ಕಾಲೇಜುಗಳ ಲಬ್ಧಗಳನ್ನು ಕೂಡಿಸುವುದು. ಇದು ಭಾಗಾಹಾರ, ಸಂಕಲನಗಳಿಗೆ ಮೀರಿದುದಲ್ಲ. ಊರುಗಳೂ ಬಸ್ಸಿನ ವೇಳೆಗಳೂ ಅನೇಕವಾದುದರಿಂದ ಯಂತ್ರವು ಬೇಕಾಗುವುದು.

ಕಲ್ಪಿತವಾದ ಉದಾಹರಣೆಯೊಂದನ್ನು ನೋಡಬಹುದು. ಮೊದಲನೆಯ ಕಾಲೇಜಿನಲ್ಲಿ 200 ಸ್ಥಾನ, ತಲುಪಬಲ್ಲವರು 800, ಲಬ್ಧ ಕಾಲು. ಎರಡನೆಯದರಲ್ಲಿ 300 ಸ್ಥಾನ, ತಲುಪಬಲ್ಲವರು 600; ಲಬ್ಧ ಅರ್ಧ. ಎರಡೂ ಎಟುಕುವ, 100 ವಿದ್ಯಾರ್ಥಿಗಳುಳ್ಳ ಊರಿಗೆ ಮುಕ್ಕಾಲು ಭಾಗ. ಎರಡನೆಯ ಕಾಲೇಜಿನಿಂದ ಆ ಊರಿಗೆ ಹಿಂದಿರುಗುವ ಸಂಜೆಯ ಬಸ್ಸು ನಿಂತಿತೆನ್ನೋಣ. ಆ ಊರಿನ ಭಾಗವು ಕಾಲಿಗೆ ಇಳಿಯುವುದು. ಎರಡನೆಯ ಕಾಲೇಜನ್ನು ತಲುಪಬಲ್ಲ ಉಳಿದ 500 ಮಂದಿಯ ಲಬ್ಧವು ಅರ್ಧದಿಂದ ಐದರಲ್ಲಿ ಮೂರಕ್ಕೆ ಏರುವುದು. ಕಳೆದುದು ಐವತ್ತು, ಕೂಡಿದುದು ಐವತ್ತು. ಒಟ್ಟು ಸರಾಸರಿಯು ಮಾತ್ರ ಕದಲುವುದೇ ಇಲ್ಲ!

ಈ ವಿಚಾರದ ಸಾರವಿದೇ: ಒಂದು ಊರು ಹೊರಗುಳಿದುದನ್ನು ಸರಾಸರಿಯು ಹೇಳದು. ಆದುದರಿಂದ ಫಲವನ್ನು ಊರೂರಿಗೂ, ಹೆಣ್ಣುಮಕ್ಕಳಿಗೆ ಬೇರೆಯಾಗಿಯೂ, ಪಂಗಡವಾರಾಗಿಯೂ ಬರೆದಿಡತಕ್ಕದ್ದು. 2023ರ ಜೂನ್ ತಿಂಗಳಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ದರದ ತೊಡಕು ನೀಗಿತು. ಬಸ್ಸು ಇಲ್ಲದ ವೇಳೆಯ ತೊಡಕು ಅದರಿಂದ ನೀಗತಕ್ಕದ್ದಲ್ಲ. ಪಕ್ಷಿಯು ಹಾರುವ ನೇರದೂರವನ್ನು ಅಳೆದರೆ ಇದು ಗೋಚರಿಸದು. ನಡಿಗೆ, ಕಾಯುವಿಕೆ, ಹಿಂದಿರುಗುವ ವೇಳೆ ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಂತ್ರವು ನ್ಯಾಯವನ್ನು ನಿರ್ಣಯಿಸದು. ಎಲ್ಲಿ ಬಸ್ಸು ಬೇಕು, ಎಲ್ಲಿ ವಿದ್ಯಾರ್ಥಿನಿಲಯ ಬೇಕು ಎಂಬುದಕ್ಕೆ ಅದು ಪ್ರಮಾಣವನ್ನು ಒದಗಿಸುವುದು, ನಿರ್ಣಯವು ಜನರದೇ.