ತಾನೇ ಜೋಡಣೆಯಾಗುವ ಲಸಿಕೆ: ಏನಿದು, ಹೇಗೆ ಕೆಲಸ ಮಾಡುತ್ತೆ?

ಲಸಿಕೆ ಅಂದ್ರೆ ಸತ್ತ ಅಥವಾ ಬಲ ಕುಂದಿಸಿದ ವೈರಾಣುವನ್ನು ಚುಚ್ಚೋದು ಅಂತಲೇ ಹಲವರು ತಿಳಿದಿದ್ದಾರೆ. ಆದರೆ ವೈರಾಣುವೇ ಇಲ್ಲದ ಲಸಿಕೆಗಳೂ ಇವೆ.

ಮಗು ಹುಟ್ಟಿದ 24 ಗಂಟೆಯೊಳಗೆ ಕೊಡುವ ಹೆಪಟೈಟಿಸ್ ಬಿ ಲಸಿಕೆ ಅಂಥದ್ದೇ. ಇದರಲ್ಲಿರೋದು ಯೀಸ್ಟ್‌ನಲ್ಲಿ ತಯಾರಿಸಿದ, ವೈರಾಣುವಿನ ಹೊರಮೈಯ ಪ್ರೋಟೀನ್ ಮಾತ್ರ. ಅದು ತಾನಾಗಿಯೇ ಒಂದಕ್ಕೊಂದು ಕೂಡಿ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಯಾಗುತ್ತೆ.

ಇದು ಪ್ರಕೃತಿ ಕೊಟ್ಟ ಗುಣ. ಇಂಥ ಉಂಡೆಯನ್ನೇ ಕಂಪ್ಯೂಟರ್‌ನಲ್ಲಿ ವಿನ್ಯಾಸ ಮಾಡಿದ್ದು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬೇಕರ್, ನೀಲ್ ಕಿಂಗ್ ಅವರ ತಂಡ. ಬೇಕರ್ 2024ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡವರು.

ಜೋಡಣೆ ಹೇಗೆ?

ಎರಡು ಬಗೆಯ ಪ್ರೋಟೀನ್ ಬೇರೆ ಬೇರೆ ತಯಾರಿಸ್ತಾರೆ. ಎರಡನ್ನೂ ದ್ರವದಲ್ಲಿ ಬೆರೆಸಿದರೆ ಸಾಕು, 60 ಮತ್ತು 60, ಒಟ್ಟು 120 ತುಂಡು ಸೇರಿ ಒಂದು ಉಂಡೆ ಸಿದ್ಧ. ಕೋವಿಡ್ ಲಸಿಕೆಗಾಗಿ ಅದರ ಮೇಲೆ ಕೊರೊನಾ ಮುಳ್ಳಿನ 60 ತುಣುಕು ಕೂರಿಸಿದರು. ಬಿಡಿ ತುಣುಕಿಗಿಂತ ಹೀಗೆ ಒತ್ತೊತ್ತಾಗಿ ಕಂಡಾಗ ದೇಹದ ರೋಗನಿರೋಧಕ ವ್ಯವಸ್ಥೆ ಜೋರಾಗಿ ಎಚ್ಚೆತ್ತುಕೊಳ್ಳುತ್ತೆ.

ಲಾಭ ಏನು?

ಈ 'ಸ್ಕೈಕೋವಿಯೋನ್' ಲಸಿಕೆಗೆ ದಕ್ಷಿಣ ಕೊರಿಯಾ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಇದನ್ನಿಡಲು 2ರಿಂದ 8 ಡಿಗ್ರಿ ತಂಪು ಸಾಕು. ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಲಸಿಕೆ ಫ್ರಿಜ್ಜೇ ಸಾಕಾಗುವಂಥದ್ದು. ಫೈಜರ್ ಲಸಿಕೆಗೆ ಮೊದಲು ಮೈನಸ್ 70 ಡಿಗ್ರಿಯಷ್ಟು ಚಳಿ ಬೇಕಿತ್ತು.

ಸ್ಕೈಕೋವಿಯೋನ್ ಬರುವಷ್ಟರಲ್ಲಿ ಅಲ್ಲಿ ಬಹುತೇಕರು ಬೇರೆ ಲಸಿಕೆ ಹಾಕಿಸಿಕೊಂಡಾಗಿತ್ತು, ಬೇಡಿಕೆ ಇರಲಿಲ್ಲ. ಆದರೂ ಶ್ರಮ ದಂಡವಾಗಿಲ್ಲ. ಇಂಥದ್ದೇ ಉಂಡೆ ಮೇಲೆ ಫ್ಲೂ ವೈರಾಣುವಿನ ಪ್ರೋಟೀನ್ ಕೂರಿಸಿದ ಲಸಿಕೆಯೂ ಮನುಷ್ಯರ ಮೇಲಿನ ಪರೀಕ್ಷೆಯ ಹಂತಕ್ಕೆ ಬಂದಿದೆ.

ಹೊಸದು ಬಂದಾಗ ಬರಲಿ. ಈಗಾಗಲೇ ಉಚಿತವಾಗಿ ಸಿಗುವ ಹೆಪಟೈಟಿಸ್ ಬಿ ಮೊದಲ ಡೋಸ್ ಮಾತ್ರ ಯಾವ ಮಗುವಿಗೂ ತಪ್ಪಬಾರದು.